ನೀರೆತ್ತುವ ಮೋಟರಿಗೆ ಮೂಗುದಾರ

ಶ್ರೀರಂಗಪಟ್ಟಣದ ಪಕ್ಕದಲ್ಲಿ, ಮೈಸೂರು–ಬೆಂಗಳೂರು ಹೆದ್ದಾರಿಗೆ ಅಂಟಿಕೊಂಡಂತಿರುವ ಬಾಬುರಾಯನಕೊಪ್ಪಲಿನ ಬಯಲಿನಲ್ಲಿ ನಮ್ಮ ಮಾತುಕತೆ ಕಾರ್ಯಕ್ರಮಕ್ಕಾಗಿ ಪಂಪ್‌ಸೆಟ್ಟುಗಳ ಚಿತ್ರೀಕರಣ ನಡೆಸುತ್ತಿದ್ದಾಗ, ಧ್ವನಿಗ್ರಹಣದ ಗೆಳೆಯರು ಒಂದು ಸಂಗತಿಯನ್ನು ನನ್ನ ಗಮನಕ್ಕೆ ತಂದರು. ಬದುವಿನ ಮೇಲಿನ ಹಳೆಯ ಮೋಟರು, ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ ಕೂಡಲೇ ಧಡಕ್ಕನೆ ಎದ್ದು ಒಂದೇ ಶ್ರುತಿಯಲ್ಲಿ ಕೂಗತೊಡಗುತ್ತಿತ್ತು. ಅದಕ್ಕೆ ಬೆಳಗೂ ಒಂದೇ, ಸಂಜೆಯೂ ಒಂದೇ. ಸ್ವಲ್ಪ ದೂರದಲ್ಲಿದ್ದ ಸೌರಫಲಕದ ಪಂಪು ಹಾಗಲ್ಲ. ಮೋಡ ಕವಿದರೆ ಶ್ರುತಿ ಇಳಿಸುತ್ತಿತ್ತು, ಬಿಸಿಲು ಬಂದರೆ ಏರಿಸುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯ ರೈತರೊಬ್ಬರು ನಗುತ್ತಾ, "ಎತ್ತು ಬಿಸ್ಲೇರಿದಂಗೆ ಸುಸ್ತಾಯ್ತದೆ, ಇದು ಬಿಸ್ಲೇರಿದಂಗೆ ಚುರುಕಾಯ್ತದೆ ನೋಡಿ ಸ್ವಾಮಿ" ಎಂದರು.

ಅವರು ತಮಾಷೆಗೆ ಆಡಿದ ಮಾತಿನಲ್ಲಿ ಸುಮಾರು ನೂರಿಪ್ಪತ್ತು ವರ್ಷಗಳ ಒಂದು ಚರಿತ್ರೆಯೇ ಅಡಗಿದೆ. ತೆರೆಯ ಮೇಲೆ ಅದನ್ನು ಪೂರ್ತಿಯಾಗಿ ಹೇಳಲು ಅವಧಿ ಸಾಲದು. ಆದ್ದರಿಂದ ಈ ಪುಟಗಳಲ್ಲಿ ಸ್ವಲ್ಪ ವಿವರವಾಗಿ ಹೇಳುವ ಪ್ರಯತ್ನ ಮಾಡಿದ್ದೇನೆ.

ಈ ಸೀಮೆಯ ನೀರಾವರಿಯ ಮೊದಲ ಪಾಠವೆಂದರೆ ನೀರನ್ನು ಎತ್ತಬಾರದು, ಹರಿಸಬೇಕು ಎಂಬುದು. 17ನೆಯ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಆದ ಬಂಗಾರದೊಡ್ಡಿ ನಾಲೆಯಾಗಲಿ, ಅದೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿ ತೋಡಿದ ಚಿಕ್ಕದೇವರಾಯಸಾಗರ ನಾಲೆಯಾಗಲಿ ಇಳಿಜಾರಿನ ನಂಬಿಕೆಯ ಮೇಲೆ ನಿಂತವು. 20ನೆಯ ಶತಮಾನದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಮಂಡ್ಯದ ಕಡೆಗೆ ವಿಶ್ವೇಶ್ವರಯ್ಯ ನಾಲೆಯನ್ನು ಒಯ್ಯುವಾಗಲೂ ಇಂಜಿನಿಯರುಗಳು ಹುಲಿಕೆರೆಯ ಬಳಿ ಬೆಟ್ಟವನ್ನು ಕೊರೆದು ಸುರಂಗ ಮಾಡಿದರೇ ಹೊರತು ನೀರನ್ನು ಮೇಲಕ್ಕೆತ್ತುವ ಯೋಚನೆ ಮಾಡಲಿಲ್ಲ. ಒಮ್ಮೆ ಕಲ್ಲು ಕೊರೆದರೆ ಮುಗಿಯಿತು. ಎತ್ತುವ ಕೆಲಸವಾದರೋ ದಿನದಿನವೂ ಖರ್ಚು ಕೇಳುತ್ತದೆ.

ನಾಲೆ ತಲುಪದ ಕಡೆ ಬಾವಿ ಇತ್ತು. ಬಾವಿಗೆ ಏತ, ಇಲ್ಲವೇ ಕಪಿಲೆ. ಚರ್ಮದ ಚೀಲವನ್ನು ಹಗ್ಗಕ್ಕೆ ಕಟ್ಟಿ, ಎತ್ತಿನ ಜೋಡಿಯನ್ನು ಇಳಿಜಾರಿನಲ್ಲಿ ಮುಂದಕ್ಕೆ ಹೊಡೆದು, ಮತ್ತೆ ಹಿಂದಕ್ಕೆ ಸರಿಸಿ ನೀರು ಮೊಗೆಯುತ್ತಿದ್ದ ಕಪಿಲೆಯನ್ನು ಇಂದಿನ ಮಕ್ಕಳು ನೋಡಿರಲಾರರು. ಇಂಜಿನಿಯರಿಂಗಿನ ದೃಷ್ಟಿಯಿಂದ ಅದರಲ್ಲಿ ಒಂದು ಗುಣವಿತ್ತು. ಬಾವಿಯಲ್ಲಿ ಊಟೆ ಕಡಿಮೆಯಾದರೆ ಹೊಡೆಯುವವನು ಎತ್ತಿನ ಹೆಜ್ಜೆ ನಿಧಾನಿಸುತ್ತಿದ್ದ, ಪೈರು ಬಾಡಿದ್ದರೆ ಚುರುಕಾಗಿಸುತ್ತಿದ್ದ. ಪಟ್ಟಣದ ಹಬೆಯಂತ್ರಗಳಿಗೂ ಈ ಗುಣವಿತ್ತು. 1896ರ ಹೊತ್ತಿಗೆ ಬೆಂಗಳೂರಿಗೆ ಹೆಸರಘಟ್ಟದ ನೀರು ತರುವ ಯೋಜನೆ ಆದಾಗ, ಸೋಲದೇವನಹಳ್ಳಿಯಿಂದ ನೀರನ್ನು ನಗರಕ್ಕೆ ತಳ್ಳಿದ್ದು ಹಬೆಯ ಪಂಪುಗಳು. ಹಬೆಯ ಕವಾಟವನ್ನು ತುಸು ತೆರೆದರೆ ಯಂತ್ರ ವೇಗವಾಗಿ ಓಡುತ್ತದೆ, ಮುಚ್ಚಿದರೆ ನಿಧಾನವಾಗುತ್ತದೆ. ವೇಗವನ್ನು ಬೇಕಾದಂತೆ ಬದಲಿಸುವ ಈ ಸ್ವಾತಂತ್ರ್ಯ ವಿದ್ಯುತ್ತು ಬಂದಾಗ ನಮ್ಮ ಕೈತಪ್ಪಿತು. ಇದು ವಿಚಿತ್ರವಾಗಿ ಕೇಳಿಸಬಹುದು, ಆದರೆ ನಿಜ.

ವಿದ್ಯುತ್ತು ಬಂದದ್ದು ಇದೇ ಕಾವೇರಿಯಿಂದ. ಶ್ರೀರಂಗಪಟ್ಟಣವನ್ನು ಬಳಸಿ ಹರಿದ ಹೊಳೆ ಕೆಳಗೆ ಶಿವನಸಮುದ್ರದಲ್ಲಿ ಧುಮುಕುತ್ತದೆಯಷ್ಟೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದ, ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಇಂಜಿನಿಯರ್ ಜೋಲಿ ದ ಲಾಟ್ಬಿನಿಯೇರ್ ರೂಪಿಸಿದ ಯೋಜನೆಯಂತೆ 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯ ಟರ್ಬೈನು, ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರು. ಮದ್ದೂರು ರೈಲು ನಿಲ್ದಾಣದಲ್ಲಿ ಇಳಿಸಿದ ಭಾರಿ ಯಂತ್ರಭಾಗಗಳನ್ನು ಅಲ್ಲಿಂದ ಆನೆಗಳೂ ಎತ್ತುಗಳೂ ಎಳೆದು ತಂದವು. ತಲಾ 720 ಕಿಲೋವಾಟಿನ 6 ಜನರೇಟರುಗಳು, ಒಟ್ಟು 4,320 ಕಿಲೋವಾಟು. ಸುಮಾರು 147 ಕಿಲೋಮೀಟರು ಉದ್ದದ, ಸುಮಾರು 30,000 ವೋಲ್ಟಿನ ಆ ಲೈನು ಆಗಿನ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು.

ಇಲ್ಲಿ ಒಂದು ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು. ನಾವು ಇಂದು ಮನೆಯಲ್ಲಿ ಬಳಸುವುದು 50 ಆವರ್ತದ್ದು. ಪರ್ಯಾಯ ವಿದ್ಯುತ್ತಿನಿಂದ ಓಡುವ ಸಾಮಾನ್ಯ ಇಂಡಕ್ಷನ್ ಮೋಟರಿನ ವೇಗವನ್ನು ನಿರ್ಧರಿಸುವುದು ಈ ಆವರ್ತ ಮತ್ತು ಮೋಟರಿನೊಳಗಿನ ಕಾಂತಧ್ರುವಗಳ ಸಂಖ್ಯೆ, ಇವೆರಡೇ. ಆವರ್ತವನ್ನು 120ರಿಂದ ಗುಣಿಸಿ ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ಮೋಟರಿನೊಳಗಿನ ಕಾಂತಕ್ಷೇತ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತಿಳಿಯುತ್ತದೆ. 4 ಧ್ರುವದ ಮೋಟರಿಗೆ 50 ಆವರ್ತದಲ್ಲಿ 1,500 ಸುತ್ತು. 25 ಆವರ್ತದಲ್ಲಿ 750 ಸುತ್ತು. ಮೋಟರಿನ ದಂಡ ಇದಕ್ಕಿಂತ ಸ್ವಲ್ಪವೇ ಹಿಂದೆ ಬೀಳುತ್ತದೆ. ಹೊಲದ ಯಜಮಾನನಿಗೆ ಎಷ್ಟು ನೀರು ಬೇಕು, ಬಾವಿಯಲ್ಲಿ ಎಷ್ಟಿದೆ ಎಂಬುದರ ಗೊಡವೆ ಮೋಟರಿಗಿಲ್ಲ. ಅದರ ಹೆಜ್ಜೆಯ ಲೆಕ್ಕ ದೂರದ ಜಲಪಾತದ ಬುಡದಲ್ಲಿ ಕುಳಿತ ಜನರೇಟರಿನ ಕೈಯಲ್ಲಿ. ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ, ದೊಲಿವೊ–ದೊಬ್ರೊವೊಲ್ಸ್ಕಿ 1889ರಲ್ಲಿ ಇಂದಿನ ಮೂರು ಫೇಸಿನ ರೂಪಕ್ಕೆ ತಂದ ಈ ಯಂತ್ರ ಗಟ್ಟಿ, ಅಗ್ಗ, ಹೆಚ್ಚು ಆರೈಕೆ ಕೇಳದು. ಅದಕ್ಕಾಗಿಯೇ ಜಗತ್ತನ್ನು ಗೆದ್ದಿತು. ಗೆಲ್ಲುವಾಗ ಒಂದೇ ಹೆಜ್ಜೆಯಲ್ಲಿ ನಡೆಯುವ ಹಠವನ್ನೂ ಜೊತೆಗೆ ತಂದಿತು.

1940ರ ದಶಕದ ಕೊನೆಯಲ್ಲಿ ಜೋಗದ ವಿದ್ಯುತ್ತು ಬಂತು. ಅದು 50 ಆವರ್ತದ್ದು. ಎರಡು ಬಗೆಯ ವಿದ್ಯುತ್ತು ಒಂದೇ ನಾಡಿನಲ್ಲಿದ್ದರೆ ಏನಾಗುತ್ತದೆ? 25 ಆವರ್ತಕ್ಕೆಂದು ಮಾಡಿದ ಪಂಪಿನ ಮೋಟರನ್ನು 50 ಆವರ್ತಕ್ಕೆ ಸಿಕ್ಕಿಸಿದರೆ ಅದು ಎರಡರಷ್ಟು ವೇಗದಲ್ಲಿ ಓಡಲು ಹೊರಡುತ್ತದೆ. ವೇಗ ಎರಡರಷ್ಟಾದರೆ ನೀರೂ ಎರಡರಷ್ಟು, ಅಷ್ಟೇ ತಾನೆ ಎನ್ನಬಹುದು. ಸೆಂಟ್ರಿಫ್ಯೂಗಲ್ ಪಂಪಿನ ಗಣಿತ ಅಷ್ಟು ಸೌಮ್ಯವಲ್ಲ. ನೀರಿನ ಪ್ರಮಾಣ ವೇಗದಂತೆ ಏರುತ್ತದೆ, ಒತ್ತಡ ವೇಗದ ವರ್ಗದಂತೆ ಏರುತ್ತದೆ, ಪಂಪು ಕೇಳುವ ಶಕ್ತಿ ವೇಗದ ಘನದಂತೆ ಏರುತ್ತದೆ. ಎರಡರ ಘನ ಎಂಟು. ಮೋಟರು ಎಂಟರಷ್ಟು ಹೊರೆ ಹೊರಲಾರದೆ ಸುಟ್ಟುಹೋಗುತ್ತದೆ.

ಇದೇ ಗಣಿತವನ್ನು ತಿರುಗಿಸಿ ನೋಡಿದರೆ ಆಸೆ ಹುಟ್ಟುತ್ತದೆ. ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ನೀರು ಶೇಕಡಾ 20 ಮಾತ್ರ ಕಡಿಮೆ. ಶಕ್ತಿಯ ಬೇಡಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಇಳಿಸುವುದು ಹೇಗೆ? ಕಾರ್ಖಾನೆಗಳಲ್ಲಿಯೂ ನೀರು ಸರಬರಾಜಿನಲ್ಲಿಯೂ ದಶಕಗಳ ಕಾಲ ಮಾಡಿದ ಉಪಾಯ ಒಂದೇ: ಮೋಟರನ್ನು ಪೂರ್ಣ ವೇಗದಲ್ಲಿ ಓಡಿಸುವುದು, ಪೈಪಿನ ಬಾಯಿಯಲ್ಲಿ ವಾಲ್ವು ಮುಚ್ಚಿ ನೀರನ್ನು ತಡೆಯುವುದು. ಒಂದು ಕೈಯಲ್ಲಿ ಚಾಟಿ ಬೀಸುತ್ತಾ ಇನ್ನೊಂದು ಕೈಯಲ್ಲಿ ಮೂಗುದಾರ ಜಗ್ಗಿದ ಹಾಗೆ. ಎತ್ತು ಹೊಡೆದು ಗೊತ್ತಿದ್ದವರು ಯಾರೂ ಹೀಗೆ ಮಾಡುತ್ತಿರಲಿಲ್ಲ.

ಬೇರೆ ದಾರಿಗಳೂ ಇದ್ದವು. ಅಮೆರಿಕದ ವಾರ್ಡ್ ಲಿಯೊನಾರ್ಡ್ 1891ರಲ್ಲಿ ತೋರಿಸಿದಂತೆ ಒಂದು ಮೋಟರಿನಿಂದ ಒಂದು ಜನರೇಟರನ್ನು ತಿರುಗಿಸಿ, ಅದರ ನೇರ ವಿದ್ಯುತ್ತಿನಿಂದ ಇನ್ನೊಂದು ಮೋಟರನ್ನು ಓಡಿಸಿದರೆ ವೇಗ ಕೈಗೆ ಸಿಗುತ್ತದೆ. ಒಂದು ಯಂತ್ರದ ಕೆಲಸಕ್ಕೆ ಮೂರು ಯಂತ್ರ. ಸ್ಲಿಪ್‌ರಿಂಗ್ ಮೋಟರಿಗೆ ರೆಸಿಸ್ಟೆನ್ಸು ಜೋಡಿಸಿದರೂ ಸಿಗುತ್ತದೆ. ಉಳಿದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ನಮ್ಮ ಆಲೆಮನೆಯವರು ಗಾಣದ ವೇಗ ಹೊಂದಿಸಲು ಬೆಲ್ಟಿನ ಪುಲ್ಲಿಯನ್ನೇ ಬದಲಿಸುತ್ತಿದ್ದರು. ಇವೆಲ್ಲಕ್ಕಿಂತ ಅದು ಪ್ರಾಮಾಣಿಕವಾದ ವಿಧಾನವೆಂದು ನನ್ನ ಅಭಿಪ್ರಾಯ.

ಆವರ್ತವನ್ನೇ ಬದಲಿಸಿದರೆ ಮಾತ್ರ ಮೋಟರು ಪೂರ್ಣವಾಗಿ ಮಾತು ಕೇಳುತ್ತದೆ ಎಂಬುದು ಮೊದಲಿನಿಂದಲೂ ಗೊತ್ತಿದ್ದ ವಿಷಯ. ಪ್ರತಿ ಮೋಟರಿಗೂ ಒಂದು ಪುಟ್ಟ ಶಿವನಸಮುದ್ರ ಕಟ್ಟಲು ಸಾಧ್ಯವಿಲ್ಲದ್ದರಿಂದ ಅದು ಪುಸ್ತಕದಲ್ಲೇ ಉಳಿದಿತ್ತು. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಥೈರಿಸ್ಟರ್ ಎಂಬ ಸಿಲಿಕಾನ್ ಬಾಗಿಲನ್ನು ತಂದ ಮೇಲೆ ಪರಿಸ್ಥಿತಿ ಬದಲಾಯಿತು. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಕಂಪನಿ ಆವರ್ತ ಬದಲಿಸುವ ಪೆಟ್ಟಿಗೆಯನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಿತು. ಇದನ್ನೇ ಇಂದು ವೇರಿಯಬಲ್ ಸ್ಪೀಡ್ ಡ್ರೈವ್ ಅಥವಾ ಬರೀ ಡ್ರೈವ್ ಎನ್ನುತ್ತಾರೆ.

ಅದರ ಒಳಗುಟ್ಟು ಇಷ್ಟು. ಬಂದ ಪರ್ಯಾಯ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿ ಮಾಡಿಕೊಳ್ಳುತ್ತದೆ. ನಂತರ ಆ ನೇರ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚಿ, ಅಗಲ ಬೇರೆ ಬೇರೆಯಾದ ತುಣುಕುಗಳಾಗಿ ಕತ್ತರಿಸಿ ಮೋಟರಿಗೆ ಕೊಡುತ್ತದೆ. ಮೋಟರಿನ ಸುರುಳಿಗಳು ಈ ತುಣುಕುಗಳನ್ನು ನಯವಾದ ಅಲೆಯಾಗಿ ಕೂಡಿಸಿಕೊಳ್ಳುತ್ತವೆ. ನಮ್ಮ ದೂರದರ್ಶನದಲ್ಲಿ ಸೆಕೆಂಡಿಗೆ 25 ಬಿಡಿಚಿತ್ರಗಳನ್ನು ತೋರಿಸಿದರೆ ನಿಮ್ಮ ಕಣ್ಣು ಅದನ್ನು ನಡಿಗೆಯಾಗಿ ಕಾಣುವಂತೆಯೇ ಇದೂ. (ಆ 25ರ ಲೆಕ್ಕವೂ 50 ಆವರ್ತದ ಅರ್ಧದಿಂದಲೇ ಬಂದದ್ದು; ಆವರ್ತದ ಹಂಗು ನಮ್ಮ ವೃತ್ತಿಯನ್ನೂ ಬಿಟ್ಟಿಲ್ಲ.) ಆವರ್ತ ಇಳಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು, ಇಲ್ಲವಾದರೆ ಮೋಟರಿನ ಕಬ್ಬಿಣ ಕಾಂತತೆಯಿಂದ ತುಂಬಿ ಬಿಸಿಯಾಗುತ್ತದೆ. ಆ ಕೆಲಸವನ್ನೂ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ.

ಅಷ್ಟು ವೇಗವಾಗಿ ತೆರೆದು ಮುಚ್ಚಲು ಥೈರಿಸ್ಟರಿಗೆ ಆಗುತ್ತಿರಲಿಲ್ಲ. ಈ ಮಟ್ಟಕ್ಕೆ ತಂದದ್ದು ಐ.ಜಿ.ಬಿ.ಟಿ. ಎಂಬ ಟ್ರಾನ್ಸಿಸ್ಟರು. ಅದರ ಹಿಂದಿನ ಹೆಸರು ನಮ್ಮವರದೇ ಎಂಬುದು ಅನೇಕರಿಗೆ ತಿಳಿಯದು. 1948ರಲ್ಲಿ ಮದರಾಸಿನಲ್ಲಿ ಹುಟ್ಟಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಂಟ್ವಾಳ ಜಯಂತ ಬಾಳಿಗಾ ಅವರು 1980ರ ದಶಕದ ಆರಂಭದಲ್ಲಿ ಸ್ಕೆನೆಕ್ಟಡಿಯ ಪ್ರಯೋಗಾಲಯದಲ್ಲಿ ಅದನ್ನು ಸಾಧಿಸಿದರು. ಶಿವನಸಮುದ್ರಕ್ಕೆ ಜನರೇಟರು ಬಂದ ಅದೇ ಊರು. ಮೋಟರುಗಳ ವೇಗವನ್ನು ಬೇಕಾದಂತೆ ಬದಲಿಸುವ ಅಗತ್ಯವೇ ಆ ಸಂಶೋಧನೆಗೆ ಮುಖ್ಯ ಪ್ರೇರಣೆ. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಂದಾಗ ನಮ್ಮಲ್ಲಿ ಅದು ಒಂದು ದಿನದ ಸುದ್ದಿಯಾಗಿ ಹೋಯಿತು.

ಬೆಂಗಳೂರಿನಲ್ಲಿಯೇ ಈ ವಿದ್ಯೆ ಬೆಳೆಯುವ ನೆಲವೂ ಇತ್ತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇಲ್ಲಿ ಮೋಟರು ಮಾಡಲು ತೊಡಗಿತು. 1965ರಲ್ಲಿ ಜರ್ಮನಿಯ ಎ.ಇ.ಜಿ. ಸಹಯೋಗದಲ್ಲಿ ರಾಜ್ಯ ಸರ್ಕಾರದ ಎನ್.ಜಿ.ಇ.ಎಫ್. ಆರಂಭವಾಗಿ, ಅದರ ಹೆಸರು ಹೊತ್ತ ಮೋಟರುಗಳು ಹಳ್ಳಿಹಳ್ಳಿಗೂ ಹೋದವು. 2002ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕೈಯಲ್ಲಿದ್ದ ವಿದ್ಯೆಯನ್ನು ಬಿಟ್ಟುಕೊಟ್ಟು ಪೆಟ್ಟಿಗೆಯನ್ನು ಹೊರಗಿನಿಂದ ಕೊಳ್ಳುವ ಸ್ಥಿತಿಗೆ ನಾವು ಬಂದ ಬಗೆ ಇನ್ನೊಂದು ಕಾರ್ಯಕ್ರಮಕ್ಕೇ ವಸ್ತುವಾದೀತು.

ಈಗ ಮತ್ತೆ ಹೊಳೆಯ ದಂಡೆಗೆ ಬರೋಣ. ಶ್ರೀರಂಗಪಟ್ಟಣದ ಸುತ್ತಲಿನ ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳ ಪಂಪ್‌ಹೌಸುಗಳಿಂದ ಮೈಸೂರಿಗೆ ಕುಡಿಯುವ ನೀರು ಹೋಗುತ್ತದೆ. ಹೊಳೆ ಇನ್ನೂ ಕೆಳಗೆ ಇಳಿದು ಶಿವನಸಮುದ್ರ ಸೇರುವಾಗ ಅಲ್ಲಿಂದ ಬೆಂಗಳೂರಿಗೆ ನೀರು ಎತ್ತುತ್ತಾರೆ. 1974ರಲ್ಲಿ ಕಾವೇರಿ ಮೊದಲ ಹಂತ, 1982ರಲ್ಲಿ ಎರಡನೆಯದು, 1993ರಲ್ಲಿ ಮೂರನೆಯದು. ನಾಲ್ಕನೆಯದರ ಎರಡು ಭಾಗಗಳು 2002 ಮತ್ತು 2012ರಲ್ಲಿ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ನೂರು ಕಿಲೋಮೀಟರಿನಷ್ಟು ದೂರ, ಪೈಪಿನ ಘರ್ಷಣೆಯ ನಷ್ಟವೂ ಸೇರಿ ಒಟ್ಟು ಸುಮಾರು 500 ಮೀಟರಿನಷ್ಟು ಎತ್ತರಕ್ಕೆ ನೀರನ್ನು ತಳ್ಳಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. 1,000 ಲೀಟರು ನೀರನ್ನು 500 ಮೀಟರು ಎತ್ತಲು, ಪಂಪು ಮತ್ತು ಮೋಟರಿನಲ್ಲಿ ಏನೂ ನಷ್ಟವಾಗದಿದ್ದರೂ, 1.36 ಯೂನಿಟ್ ವಿದ್ಯುತ್ತು ಬೇಕು. ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರು. ಅಂದರೆ ಪೂರ್ಣ ಸಾಮರ್ಥ್ಯದಲ್ಲಿ ದಿನಕ್ಕೆ ಕನಿಷ್ಠ ಹತ್ತೂವರೆ ಲಕ್ಷ ಯೂನಿಟ್. 1902ರ ಶಿವನಸಮುದ್ರದ 4,320 ಕಿಲೋವಾಟಿನ ಸ್ಥಾವರ ಇಡೀ ದಿನ ಬಿಡದೆ ಓಡಿದ್ದರೂ ಸಿಗುತ್ತಿದ್ದುದು 1 ಲಕ್ಷ ಯೂನಿಟ್ ಚಿಲ್ಲರೆ. ಮುಂದೆ ಬೆಳೆದ ಇಂದಿನ 42 ಮೆಗಾವಾಟಿನ ಶಿವನಸಮುದ್ರ ಪೂರ್ಣವಾಗಿ ಓಡಿದರೂ ಸುಮಾರು 10 ಲಕ್ಷ. ಜಲಪಾತದ ಇಡೀ ವಿದ್ಯುತ್ತನ್ನು ಕೊಟ್ಟರೂ ಅದರ ಪಕ್ಕದಿಂದ ಎತ್ತುವ ಒಂದು ಹಂತದ ನೀರಿಗೆ ಸಾಲದು! ಬೆಂಗಳೂರು ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲು ಏಕೆ ದೊಡ್ಡ ಪಾಲು ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಅಲ್ಲೆಲ್ಲ ಡ್ರೈವ್ ಹಾಕಿ ಅರ್ಧ ವಿದ್ಯುತ್ತು ಉಳಿಸಬಹುದಲ್ಲವೇ? ಮಾರಾಟಗಾರರ ಕರಪತ್ರ ಹೌದೆನ್ನುತ್ತದೆ, ಭೌತಶಾಸ್ತ್ರ ಹೌದೆನ್ನುವುದಿಲ್ಲ. ಘನದ ನಿಯಮ ಪೂರ್ತಿ ಫಲ ಕೊಡುವುದು ಪಂಪು ಪೈಪಿನ ಘರ್ಷಣೆಯೊಂದಿಗೆ ಮಾತ್ರ ಹೋರಾಡುತ್ತಿದ್ದಾಗ. ನೀರನ್ನು ಗುಡ್ಡದ ಮೇಲಕ್ಕೆ ಎತ್ತುವಾಗ ಗುಡ್ಡದ ಎತ್ತರ ಪಂಪಿನ ವೇಗಕ್ಕೆ ತಕ್ಕಂತೆ ತಗ್ಗುವುದಿಲ್ಲ. ನೀರು ಏರಬೇಕಾದ ನಿಜವಾದ ಎತ್ತರ 100 ಮೀಟರು, ಪಂಪು ಹೆಚ್ಚೆಂದರೆ 120 ಮೀಟರು ಎತ್ತಬಲ್ಲದು ಎಂದಿಟ್ಟುಕೊಳ್ಳಿ. ವೇಗವನ್ನು ಶೇಕಡಾ 10 ಇಳಿಸಿದರೆ ಅದರ ಎತ್ತುವ ಸಾಮರ್ಥ್ಯ 97 ಮೀಟರಿಗೆ ಬೀಳುತ್ತದೆ. ಪಂಪು ತಿರುಗುತ್ತಲೇ ಇರುತ್ತದೆ. ಮೇಲೆ ಒಂದು ಹನಿ ನೀರೂ ಬೀಳುವುದಿಲ್ಲ. ಹಗಲೂ ರಾತ್ರಿ ಒಂದೇ ಪ್ರಮಾಣದ ನೀರು ಎತ್ತುವ ಕಡೆ, ಸರಿಯಾಗಿ ಆಯ್ದ ಪಂಪು ಒಂದೇ ವೇಗದಲ್ಲಿ ಓಡುವುದೇ ಲೇಸು. ಡ್ರೈವ್ ತಾನೂ ನೂರಕ್ಕೆ ಎರಡು ಮೂರು ಪಾಲು ತಿನ್ನುತ್ತದೆ ಎಂಬುದನ್ನು ಮರೆಯಬಾರದು.

ಅದು ನಿಜವಾಗಿ ಉಳಿತಾಯ ತರುವುದು ಬೇಡಿಕೆ ಗಂಟೆಗಂಟೆಗೆ ಬದಲಾಗುವ ಕಡೆ. ಬೆಳಿಗ್ಗೆ ಆರಕ್ಕೆ ಎಲ್ಲ ನಲ್ಲಿಗಳೂ ತೆರೆದು ಮಧ್ಯಾಹ್ನ ಮುಚ್ಚಿರುವ ಬಡಾವಣೆಯ ನೀರಿನ ಜಾಲ. ಕಬ್ಬಿನ ಹಂಗಾಮಿನಲ್ಲಿ ನುರಿಯುವ ಪ್ರಮಾಣಕ್ಕೆ ತಕ್ಕಂತೆ ತಂಪುನೀರು ಬೇಕಾಗುವ ಸಕ್ಕರೆ ಕಾರ್ಖಾನೆ. ಕಬ್ಬು ಕಡಿಮೆ ಬಂದ ದಿನವೂ ಪೂರ್ಣ ವೇಗದಲ್ಲಿ ಓಡಿ ವಾಲ್ವಿಗೆ ತಲೆ ಚಚ್ಚಿಕೊಳ್ಳುವ ಪಂಪಿಗೆ ಡ್ರೈವ್ ಹಾಕಿದರೆ ಹಾಕಿದ ಹಣ ಬೇಗ ಹಿಂದಿರುಗುತ್ತದೆ. ಇನ್ನೊಂದು ಲಾಭ, ಮೋಟರು ಎಬ್ಬಿಸುವಾಗಿನದು. ನೇರವಾಗಿ ಗುಂಡಿ ಒತ್ತಿದರೆ ಮೋಟರು ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ತಟ್ಟನೆ ನಿಲ್ಲಿಸಿದರೆ ಪೈಪಿನೊಳಗಿನ ನೀರು ಹಿಂದಿರುಗಿ ಸುತ್ತಿಗೆಯಂತೆ ಹೊಡೆಯುತ್ತದೆ. ಡ್ರೈವ್ ಇದ್ದಲ್ಲಿ ಎರಡೂ ಮೆಲ್ಲನೆ ನಡೆಯುತ್ತವೆ.

ನಾಗಮಂಗಲದ ಕಡೆಯ ರೈತರಿಗೆ ಈ ಮಾತು ಹೇಳಿದರೆ ಅವರ ಪ್ರಶ್ನೆ ಬೇರೆಯೇ. ಶ್ರೀರಂಗಪಟ್ಟಣಕ್ಕೆ ನಾಲೆಯಿದೆ, ಅವರಿಗೆ ಹೆಚ್ಚಾಗಿ ಕೊಳವೆಬಾವಿ. 1990ರ ದಶಕದ ಆರಂಭದಲ್ಲಿ ಬಂಗಾರಪ್ಪನವರ ಸರ್ಕಾರ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ಕೊಟ್ಟ ಮೇಲೆ, ಬಿಲ್ಲೇ ಇಲ್ಲದ ಕಡೆ ಉಳಿತಾಯದ ಪೆಟ್ಟಿಗೆಯನ್ನು ಯಾರು ಕೊಂಡಾರು? ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕರೆಂಟು ಬರುವುದು ಕೆಲವೇ ಗಂಟೆ, ಅದೂ ಅನೇಕ ಸಲ ರಾತ್ರಿ. ಬಂದಾಗ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿದು ವೈಂಡಿಂಗ್ ಸುಡುತ್ತದೆ. ಹೀಗಿರುವಲ್ಲಿ ಮೋಟರನ್ನು ನಿಧಾನವಾಗಿ ಓಡಿಸಿ ಎಂದರೆ ರೈತ ನಗದೆ ಇರುತ್ತಾನೆಯೇ? ನೀರಿನ ಲೆಕ್ಕ ಮಾತ್ರ ಉಚಿತವಾಗಿಲ್ಲ. ಒಂದೇ ವೇಗದ ಪಂಪು ಬಾವಿಯ ಊಟೆಗಿಂತ ಹೆಚ್ಚು ಎಳೆದು, ಒಣಗಿ, ಮತ್ತೆ ಆಳಕ್ಕೆ ಇಳಿಯುತ್ತದೆ.

ಹಳ್ಳಿಗೆ ಡ್ರೈವ್ ಬಂದದ್ದು ಯಾರೂ ನಿರೀಕ್ಷಿಸದ ಬಾಗಿಲಿನಿಂದ. 2014ರಲ್ಲಿ ರಾಜ್ಯದ ಸೂರ್ಯರೈತ ಯೋಜನೆ, 2019ರಲ್ಲಿ ಕೇಂದ್ರದ ಕುಸುಮ್ ಯೋಜನೆ ಬಂದವು. ಸೌರಫಲಕದಿಂದ ಬರುವುದು ನೇರ ವಿದ್ಯುತ್ತು, ಅದೂ ಮೋಡದಂತೆ ಹೆಚ್ಚುಕಡಿಮೆ. ಅದರಿಂದ ಮೋಟರು ಓಡಬೇಕಾದರೆ ಬಿಸಿಲಿನ ಬಲ ನೋಡಿ ವೇಗ ಹೊಂದಿಸುವ ಪೆಟ್ಟಿಗೆ ಬೇಕೇ ಬೇಕು. ಬಾಬುರಾಯನಕೊಪ್ಪಲಿನಲ್ಲಿ ನಮ್ಮ ಧ್ವನಿಗ್ರಾಹಕರ ಕಿವಿಗೆ ಬಿದ್ದ ಏರಿಳಿತ ಅದರದೇ. ಕಾರ್ಖಾನೆಗೆಂದು ಹುಟ್ಟಿದ ಯಂತ್ರ ಇಲ್ಲಿ ಕಂಟ್ರೋಲರ್ ಎಂಬ ಹೆಸರಿನಲ್ಲಿ ಗದ್ದೆಯ ಕಂಬಕ್ಕೆ ನೇತುಬಿದ್ದಿದೆ.

ಚಿತ್ರೀಕರಣ ಮುಗಿಸಿ ಬರುವಾಗ ದಾರಿಯಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿಯೊಂದಕ್ಕೆ ಹೋಗಿದ್ದೆವು. ಮೂವತ್ತು ವರ್ಷಗಳಿಂದ ತಾಮ್ರದ ತಂತಿ ಸುತ್ತುತ್ತಿರುವ ಮೇಸ್ತ್ರಿಯವರು ಬಿಚ್ಚಿಟ್ಟ ಮೋಟರಿನ ಸ್ಲಾಟುಗಳಿಗೆ ಬಿದಿರಿನ ಕಡ್ಡಿ ತೂರಿಸುತ್ತಿದ್ದರು. ಸುಟ್ಟ ಮೋಟರು ಎರಡು ದಿನಕ್ಕೆ ಸಿದ್ಧವಾಗುತ್ತದೆಯಂತೆ. ಮೂಲೆಯಲ್ಲಿ ಸೌರಪಂಪಿನ ಕಂಟ್ರೋಲರ್ ಒಂದು ಮುಚ್ಚಳ ತೆಗೆದು ಬಿದ್ದಿತ್ತು, ಒಳಗೆ ಹಲ್ಲಿಯೊಂದು ಸತ್ತು ಒಣಗಿತ್ತು. "ವೈಂಡಿಂಗ್ ಹೋದ್ರೆ ನಾಳಿದ್ದು ಬನ್ನಿ ಅಂತೀನಿ. ಈ ಬೋರ್ಡು ಹೋದ್ರೆ ಬೆಂಗ್ಳೂರಿಗೆ ಕಳಿಸ್ಬೇಕು, ಅದು ಬರೋ ಹೊತ್ಗೆ ಪೈರು ಒಣಗಿರ್ತದೆ. ನಿಮ್ ಟೀವಿನಲ್ಲಿ ಇದನ್ನ ರಿಪೇರಿ ಮಾಡೋದು ಹೇಳ್ಕೊಟ್ರೆ ನಾನೂ ಕೂತು ನೋಡ್ತೀನಿ" ಎಂದರು. ಆ ಮಾತನ್ನು ನಮ್ಮ ಮುಂದಿನ ಕಂತಿನ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ.